ಕಿರುಚಿದ್ದಕ್ಕೆ ಕೂಲಿ

ಒಬ್ಬ ಹಾಡುಗಾರ ಹೊಸ ಆಲ್ಬಮ್ ತಂದ ಅಂದುಕೊಳ್ಳಿ. ಯಾರಿಗೆ ಮಾರುತ್ತೀರಿ? ನಲವತ್ತು ದಾಟಿದ ಗಂಡಸಿಗೆ ಮಾರುವುದು ಆಗದ ಮಾತು. ಅವನು ಹೊಸ ಹಾಡು ಕೇಳುವುದನ್ನು ಬಿಟ್ಟೇ ಹತ್ತು ವರ್ಷವಾಗಿರುತ್ತದೆ. ಯಾರಾದರೂ ಹಾಕಿದರೆ ‘ಇದೂ ಒಂದು ಹಾಡೇನ್ರೀ’ ಅನ್ನುವುದಕ್ಕಷ್ಟೇ ಬಾಯಿ ತೆರೆಯುತ್ತಾನೆ. ಹೆಂಗಸರಿಗೆ ಮನೆ, ಆಫೀಸು ಎರಡೂ ಮುಗಿಸುವಷ್ಟರಲ್ಲಿ ಪುರುಸೊತ್ತಿಲ್ಲ. ಕಾಲೇಜು ಹುಡುಗರು ಕೇಳುತ್ತಾರೆ, ಕಾಸು ಬಿಚ್ಚುವುದಿಲ್ಲ. ವಿಮರ್ಶಕರಿಗೆ ಪುಕ್ಕಟೆ ಕೊಡಬೇಕು, ಕೊಟ್ಟು ಬೈಸಿಕೊಳ್ಳಬೇಕು. ಹೀಗೆ ಒಬ್ಬೊಬ್ಬರನ್ನೇ ಕಳೆಯುತ್ತ ಬಂದರೆ ಕೊನೆಗೆ ಉಳಿಯುವವಳು ಒಬ್ಬಳು. ವಯಸ್ಸು ಹದಿಮೂರರಿಂದ ಹದಿನಾರು. ಮೈಮೇಲೆ ಯೂನಿಫಾರ್ಮು, ಬೆನ್ನಿಗೆ ಅವಳಷ್ಟೇ ಭಾರದ ಬ್ಯಾಗು. ಸ್ವಂತ ಆದಾಯ ಸೊನ್ನೆ. ಈ ಸೊನ್ನೆ ಆದಾಯದ ಹುಡುಗಿಯ ಹೆಗಲ ಮೇಲೆ ಹಾಡಿನ ವ್ಯಾಪಾರ ಎಂಬತ್ತು ವರ್ಷದಿಂದ ಕೂತಿದೆ ಅಂದರೆ ನಂಬುತ್ತೀರಾ? ನನ್ನ ಅಕ್ಕನ ಮಗಳು ಒಂಬತ್ತನೇ ಕ್ಲಾಸಿಗೆ ಬರುವವರೆಗೆ ನಾನೂ ನಂಬಿರಲಿಲ್ಲ.

ಅವಳ ವಿಷಯ ಆಮೇಲೆ. ಮೊದಲು ನ್ಯೂಯಾರ್ಕಿಗೆ ಹೋಗಿಬರೋಣ, ಟಿಕೆಟ್ ಖರ್ಚಿಲ್ಲ.

1942ರ ಡಿಸೆಂಬರ್ 30. ಟೈಮ್ಸ್ ಸ್ಕ್ವೇರಿನ ಪ್ಯಾರಾಮೌಂಟ್ ಥಿಯೇಟರಿನಲ್ಲಿ ಬೆನ್ನಿ ಗುಡ್‌ಮನ್ ವಾದ್ಯವೃಂದದ ಕಾರ್ಯಕ್ರಮ. ಜೊತೆಗೆ ಹೆಚ್ಚುವರಿ ಆಕರ್ಷಣೆ ಅಂತ ಫ್ರಾಂಕ್ ಸಿನಾತ್ರಾ ಎಂಬ ಇಪ್ಪತ್ತೇಳರ ಸಣಕಲ. ಮೈಕಿನ ಕಂಬದ ಹಿಂದೆ ನಿಂತರೆ ಮನುಷ್ಯ ಕಾಣುವುದೇ ಇಲ್ಲ ಅಂತ ಆಗಿನವರು ಲೇವಡಿ ಮಾಡುತ್ತಿದ್ದರು. ಆ ಸಣಕಲ ರಂಗಕ್ಕೆ ಬಂದದ್ದೇ ತಡ, ಹುಡುಗಿಯರು ಕಿರುಚಿದ ಕಿರುಚಾಟಕ್ಕೆ ಗುಡ್‌ಮನ್ ಸಾಹೇಬರೇ ಬೆಚ್ಚಿದರಂತೆ. ಸಿನಾತ್ರಾನ ಪ್ರಚಾರದ ಹೊಣೆ ಹೊತ್ತವನು ಜಾರ್ಜ್ ಇವಾನ್ಸ್. ಕಿಲಾಡಿ ಆಸಾಮಿ. ಈ ಕಿರುಚಾಟವನ್ನು ದೈವೇಚ್ಛೆಗೆ ಬಿಡುವುದು ವ್ಯಾಪಾರಸ್ಥನ ಲಕ್ಷಣವಲ್ಲ ಅಂತ ಅವನಿಗೆ ತಿಳಿಯಿತು. ಒಂದಷ್ಟು ಹುಡುಗಿಯರನ್ನು ಗೊತ್ತುಮಾಡಿ, ತಲೆಗೆ ಐದು ಡಾಲರ್ ಕೊಟ್ಟು, ಯಾವ ಸಾಲಿಗೆ ನಿಟ್ಟುಸಿರು, ಯಾವ ಸಾಲಿಗೆ ಚೀತ್ಕಾರ, ಎಲ್ಲಿ ಮೂರ್ಛೆ ಅಂತ ತಾಲೀಮು ಮಾಡಿಸಿದ ಎನ್ನುವುದು ಪ್ರಸಿದ್ಧ ಕಥೆ. ಥಿಯೇಟರಿನ ಹೊರಗೆ ಆ್ಯಂಬುಲೆನ್ಸ್ ತರಿಸಿ ನಿಲ್ಲಿಸಿದ್ದನಂತೆ! ಮೂರ್ಛೆ ಹೋದವರಿಗೆ ಉಪಯೋಗವಾಯಿತೋ ಇಲ್ಲವೋ, ಪತ್ರಿಕೆಯ ಫೋಟೋಗ್ರಾಫರುಗಳಿಗಂತೂ ಉಪಯೋಗವಾಯಿತು.

ಇವಾನ್ಸ್ ದುಡ್ಡು ಕೊಟ್ಟದ್ದು ಕೆಲವರಿಗೆ, ಕಿರುಚಿದವರು ಸಾವಿರಾರು. ಪಕ್ಕದವಳು ಕೂಲಿಗೆ ಕಿರುಚುತ್ತಿದ್ದಾಳೆ ಅಂತ ಗೊತ್ತಿಲ್ಲದೆ ಇವಳೂ ಕಿರುಚಿದಳು, ಇವಳನ್ನು ನೋಡಿ ಅವಳಾಚೆಯವಳು. ಎರಡು ವರ್ಷದ ಹೊತ್ತಿಗೆ ಕೂಲಿಯ ಪ್ರಶ್ನೆಯೇ ಹೊರಟುಹೋಯಿತು. 1944ರ ಅಕ್ಟೋಬರ್ 12ರಂದು, ಕೊಲಂಬಸ್ ದಿನದ ರಜೆಯಲ್ಲಿ, ಅದೇ ಪ್ಯಾರಾಮೌಂಟಿನ ಹೊರಗೆ ಮೂವತ್ತು ಸಾವಿರದಷ್ಟು ಜನ ಜಮಾಯಿಸಿದರು. ಒಳಗೆ ಮೂರೂವರೆ ಸಾವಿರಕ್ಕೆ ಜಾಗ. ಒಂದು ಟಿಕೆಟ್ ಕೊಂಡರೆ ದಿನವಿಡೀ ಕೂರಬಹುದು ಅನ್ನುವ ಪದ್ಧತಿ ಆಗ. ಮೊದಲ ಆಟ ಮುಗಿದಾಗ ಎದ್ದು ಹೋದವರು ಇನ್ನೂರೈವತ್ತು ಮಂದಿ ಮಾತ್ರ! ಉಳಿದವರು ಬುತ್ತಿ ಬಿಚ್ಚಿಕೊಂಡು ಅಲ್ಲೇ ಬೇರೂರಿದರು. ಹೊರಗಿದ್ದವರು ಟಿಕೆಟ್ ಬೂತು, ಅಂಗಡಿಯ ಗಾಜು ಎಲ್ಲ ಮುರಿದರು. ಮಡಚಿದ ಗಿಡ್ಡ ಕಾಲುಚೀಲ ಹಾಕುತ್ತಿದ್ದ ಈ ಹುಡುಗಿಯರಿಗೆ ಪತ್ರಿಕೆಗಳು ‘ಬಾಬಿ ಸಾಕ್ಸರ್’ ಅಂತ ಹೆಸರಿಟ್ಟವು. ಮಕ್ಕಳು ಸ್ಕೂಲಿಗೆ ಚಕ್ಕರ್ ಹೊಡೆಯಲು ಇವನೇ ಕಾರಣ ಅಂತ ಶಿಕ್ಷಣಾಧಿಕಾರಿಗಳು ಸಿನಾತ್ರಾನ ಮೇಲೆ ಹರಿಹಾಯ್ದರು. ಹೋಮ್‌ವರ್ಕ್ ಮಾಡದ್ದಕ್ಕೆ ಹಾಡುಗಾರನನ್ನು ಬೆಂಚಿನ ಮೇಲೆ ನಿಲ್ಲಿಸುವ ಪದ್ಧತಿ ಬಹುಶಃ ಅಲ್ಲಿಂದಲೇ ಶುರು.

ಇವಾನ್ಸ್ ಕೊಟ್ಟ ಐದು ಡಾಲರನ್ನು ಮಾತ್ರ ಮರೆಯಬೇಡಿ. ಈ ವ್ಯಾಪಾರದ ಇತಿಹಾಸದಲ್ಲಿ ಹುಡುಗಿಯರ ಕೈಗೆ ದುಡ್ಡು ಸಿಕ್ಕಿದ್ದು ಅದೇ ಮೊದಲು, ಅದೇ ಕೊನೆ ಅಂತ ನನ್ನ ಗುಮಾನಿ. ಅಲ್ಲಿಂದಾಚೆ ದುಡ್ಡು ಹರಿದದ್ದೆಲ್ಲ ಎದುರು ದಿಕ್ಕಿಗೆ.

ಇಪ್ಪತ್ತು ವರ್ಷ ದಾಟಿ ಬೀಟಲ್ಸ್ ಕಾಲಕ್ಕೆ ಬನ್ನಿ. 1963ರಲ್ಲಿ ಇಂಗ್ಲೆಂಡಿನ ಹುಡುಗಿಯರೆಲ್ಲ ಆ ನಾಲ್ವರ ಹಿಂದೆ ಬಿದ್ದಿದ್ದರೂ ಅಮೆರಿಕದ ಕ್ಯಾಪಿಟಲ್ ಕಂಪನಿ ಮಾತ್ರ ‘ನಮ್ಮ ಕಡೆ ಇದು ಓಡಲ್ಲ’ ಅಂತ ಮೂಗು ಮುರಿಯುತ್ತಲೇ ಇತ್ತು. ಒಂದಾದ ಮೇಲೊಂದು ರೆಕಾರ್ಡನ್ನು ಬೇಡ ಅಂದಿತು. ಕೊನೆಗೆ ಒಪ್ಪಿ, ಮುಂದಿನ ಹಾಡನ್ನು 1964ರ ಜನವರಿ 13ಕ್ಕೆ ಬಿಡುಗಡೆ ಮಾಡೋಣ ಅಂತ ನಿಧಾನವಾಗಿ ಕೂತಿತ್ತು. ಅಷ್ಟರಲ್ಲಿ ಡಿಸೆಂಬರ್ 10ರಂದು ಸಿಬಿಎಸ್ ಟೆಲಿವಿಷನ್ನಿನ ಸಂಜೆ ವಾರ್ತೆಯಲ್ಲಿ ಬೀಟಲ್ಸ್ ಬಗ್ಗೆ ಒಂದು ತುಣುಕು ಬಂತು. ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್ ಊರಿನ ಹದಿನೈದು ವರ್ಷದ ಹುಡುಗಿಯೊಬ್ಬಳು ಅದನ್ನು ನೋಡಿ, ವಾಷಿಂಗ್ಟನ್ನಿನ ಒಂದು ರೇಡಿಯೋಗೆ ಕಾಗದ ಬರೆದಳು: ಇಂಥ ಸಂಗೀತ ನಮಗೆ ಯಾಕೆ ಕೇಳಿಸುವುದಿಲ್ಲ? ರೇಡಿಯೋದ ಕ್ಯಾರಲ್ ಜೇಮ್ಸ್ ಒಬ್ಬ ಗಗನಸಖಿಯ ಕೈಲಿ ಇಂಗ್ಲೆಂಡಿನಿಂದ ರೆಕಾರ್ಡ್ ತರಿಸಿದ. ಡಿಸೆಂಬರ್ 17ರಂದು ಆ ಹುಡುಗಿಯನ್ನೇ ಸ್ಟುಡಿಯೋಗೆ ಕರೆದು, ಅವಳ ಬಾಯಲ್ಲೇ ಹಾಡಿನ ಹೆಸರು ಹೇಳಿಸಿ, ಹಾಕಿದ. ಕೇಂದ್ರದ ಫೋನುಗಳಿಗೆ ಬಿಡುವಿಲ್ಲದಾಯಿತು. ಕ್ಯಾಪಿಟಲ್‌ನವರು ಮೊದಲು ವಕೀಲರನ್ನು ಬಿಟ್ಟು ನಿಲ್ಲಿಸಲು ನೋಡಿದರು. ಆಗಲಿಲ್ಲ. ದಿಕ್ಕೆಟ್ಟು ಬಿಡುಗಡೆಯನ್ನು ಡಿಸೆಂಬರ್ 26ಕ್ಕೆ ಎಳೆದು ತಂದರು. ಸ್ಕೂಲಿಗೆ ಕ್ರಿಸ್ಮಸ್ ರಜೆ, ಕೈಯಲ್ಲಿ ಹಬ್ಬದ ಕಾಸು, ಮನೆಯಲ್ಲಿ ರೇಡಿಯೋ. ಫೆಬ್ರವರಿ 1ರ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆ ಹಾಡು ಮೊದಲನೇ ಸ್ಥಾನದಲ್ಲಿತ್ತು.

ಕಂಪನಿ ಸಾವಿರಾರು ಡಾಲರ್ ಸುರಿದು ‘ಬೀಟಲ್ಸ್ ಬರುತ್ತಿದ್ದಾರೆ’ ಅನ್ನುವ ಸ್ಟಿಕ್ಕರ್ ಹೊಡೆಸಿ ಊರೆಲ್ಲ ಅಂಟಿಸಿದ್ದೂ ನಿಜ. ಆದರೆ ಸೂಟು ತೊಟ್ಟ ದೊಡ್ಡವರೆಲ್ಲ ಸೇರಿ ಜನವರಿ 13 ಅಂತ ಗೀಟು ಹಾಕಿಕೊಂಡು ಕೂತಿದ್ದಾಗ ತಾರೀಖು ಬದಲಿಸಿದ್ದು ಒಂದು ಅಂಚೆ ಚೀಟಿಯ ಖರ್ಚು. ಆ ಖರ್ಚನ್ನೂ ಅವಳೇ ಹಾಕಿಕೊಂಡದ್ದು!

ಫೆಬ್ರವರಿ 9ರಂದು ಎಡ್ ಸಲಿವನ್ ಷೋನಲ್ಲಿ ಆ ನಾಲ್ವರನ್ನು ಏಳು ಕೋಟಿ ಮೂವತ್ತು ಲಕ್ಷ ಜನ ನೋಡಿದರು ಅನ್ನುತ್ತಾರೆ. ಒಬ್ಬೊಬ್ಬರ ಮುಖದ ಕೆಳಗೂ ಹೆಸರು ತೋರಿಸುತ್ತ ಜಾನ್ ಲೆನನ್ ಸರದಿ ಬಂದಾಗ ಇನ್ನೊಂದು ಸಾಲು ಮೂಡಿತು: ಕ್ಷಮಿಸಿ ಹುಡುಗಿಯರೇ, ಇವರಿಗೆ ಮದುವೆಯಾಗಿದೆ. ಬೀಟಲ್ಸ್ ಮ್ಯಾನೇಜರ್ ಬ್ರಯನ್ ಎಪ್‌ಸ್ಟೈನ್ ಅದುವರೆಗೆ ಜೋಪಾನವಾಗಿ ಮುಚ್ಚಿಡಲು ನೋಡಿದ್ದ ಸಂಗತಿ ಅದೇ. ನಮ್ಮಲ್ಲಿ ಗಂಡಿಗೆ ಮೊದಲೇ ಮದುವೆಯಾಗಿದೆ ಅಂತ ಮುಚ್ಚಿಟ್ಟರೆ ಪೊಲೀಸ್ ಕೇಸಾಗುತ್ತದೆ. ಈ ವ್ಯಾಪಾರದಲ್ಲಿ ಅದಕ್ಕೆ ಮಾರ್ಕೆಟಿಂಗ್ ಅನ್ನುತ್ತಾರೆ. ಅಂಥ ಎಪ್‌ಸ್ಟೈನ್ ಕೂಡ ಹುಡುಗಿಯರ ಡಬ್ಬಿಕಾಸನ್ನು ಅಂದಾಜು ಮಾಡಲಾರದೆ ಹೋದ. ಬೀಟಲ್ಸ್ ವಿಗ್ಗು, ಬೀಟಲ್ಸ್ ಬಾಚಣಿಗೆ, ಬೀಟಲ್ಸ್ ಊಟದ ಡಬ್ಬಿ ಇವುಗಳ ಹಕ್ಕನ್ನು ಅವನ ವಕೀಲರು ಬರೆದುಕೊಟ್ಟ ಕಂಪನಿಯ ಹೆಸರು ‘ಸೆಲ್ಟೇಬ್’, ಅಂದರೆ ಬೀಟಲ್ಸನ್ನೇ ಹಿಂದುಮುಂದಾಗಿ ಓದಿದ್ದು. ಒಪ್ಪಂದವೂ ಹಾಗೇ ಹಿಂದುಮುಂದು: ಬಂದದ್ದರಲ್ಲಿ ತೊಂಬತ್ತು ಪಾಲು ಕಂಪನಿಗೆ, ಹತ್ತು ಪಾಲು ಬೀಟಲ್ಸ್ ಕಡೆಗೆ. ಆಮೇಲೆ ಕೋರ್ಟು, ಕಚೇರಿ, ಅಳು.

ಅದೇ ತಿಂಗಳು ಲಂಡನ್ನಿನ ‘ನ್ಯೂ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಪಾಲ್ ಜಾನ್ಸನ್ ಎಂಬ ಬುದ್ಧಿಜೀವಿ ಬೀಟಲ್ಸ್ ಹುಚ್ಚಿನ ಮೇಲೆ ಕೆಂಡ ಕಾರಿದ. ಇವರ ಸುತ್ತ ಮುತ್ತಿಕೊಂಡು ಕಿರುಚುವ ಹುಡುಗಿಯರು ಆ ಪೀಳಿಗೆಯ ಮಂದಮತಿಗಳು, ಸೋಮಾರಿಗಳು, ಕೆಲಸಕ್ಕೆ ಬಾರದವರು ಅಂತ ಅವನ ತೀರ್ಪು. ಈಗ ನೋಡಿ, ವಿಶ್ವವಿದ್ಯಾಲಯಗಳಲ್ಲಿ ಬೀಟಲ್ಸ್ ಬಗ್ಗೆ ಪಾಠ ನಡೆಯುತ್ತದೆ. ಗಡ್ಡ ನೆರೆತ ಪ್ರಾಧ್ಯಾಪಕರು ಕನ್ನಡಕ ಒರೆಸಿಕೊಂಡು ಆ ಹಾಡುಗಳ ಸ್ವರಸಂಯೋಜನೆ ವಿವರಿಸುತ್ತಾರೆ. ಮಂದಮತಿಗಳು ಹತ್ತನೇ ಕ್ಲಾಸಿನಲ್ಲಿ ಕಂಡುಕೊಂಡದ್ದನ್ನು ಪಂಡಿತರು ಪಿಎಚ್.ಡಿ. ಮಾಡಿ ಕಂಡುಕೊಂಡರು, ಅಷ್ಟೇ ವ್ಯತ್ಯಾಸ.

ಹುಡುಗಿಯರಿಗೆ ಬೇಕಾದದ್ದೇನು ಅಂತ ಸರಿಯಾಗಿ ಹಿಡಿದವಳು ಒಬ್ಬ ಹೆಂಗಸು. ‘16’ ಎಂಬ ಅಮೆರಿಕನ್ ಪತ್ರಿಕೆಯ ಸಂಪಾದಕಿ ಗ್ಲೋರಿಯಾ ಸ್ಟೇವರ್ಸ್. ಹಾಡುಗಾರರನ್ನು ಅವಳು ತಾಳ, ಶ್ರುತಿ ಕೇಳುತ್ತಿರಲಿಲ್ಲ. ನಿನಗೆ ಇಷ್ಟದ ಬಣ್ಣ ಯಾವುದು, ಬೆಳಗ್ಗೆ ಏನು ತಿನ್ನುತ್ತೀಯ, ಎಂಥ ಹುಡುಗಿ ಇಷ್ಟ? ಇಂಥವೇ. ದೊಡ್ಡವರು ನಕ್ಕರು. ಪತ್ರಿಕೆ ಮಾತ್ರ ರಾಶಿರಾಶಿ ಖರ್ಚಾಯಿತು. ನಗುವ ಮೊದಲು, ನಮ್ಮ ಸಿನಿಮಾ ಪತ್ರಿಕೆಗಳಲ್ಲಿ ನಟರ ಮೆಚ್ಚಿನ ತಿಂಡಿ ಯಾವುದು ಅಂತ ನೀವು ಓದಿದ್ದನ್ನು ನೆನಪು ಮಾಡಿಕೊಳ್ಳಿ.

1987ರಲ್ಲಿ ಇನ್ನೊಂದು ತಿರುವು. ಟಿಫನಿ ಅಂತ ಹದಿನೈದರ ಹುಡುಗಿ; ಆಲ್ಬಮ್ ಬಂದಿದೆ, ಕೇಳುವವರಿಲ್ಲ. ಬೇಸಿಗೆ ರಜೆಯಲ್ಲಿ ಹುಡುಗಿಯರು ಎಲ್ಲಿರುತ್ತಾರೆ? ಮಾಲ್‌ನಲ್ಲಿ. ಸರಿ, ಅಲ್ಲಿಗೇ ನಡಿ ಅಂದರು. ನ್ಯೂಜೆರ್ಸಿಯ ಒಂದು ಮಾಲ್‌ನಿಂದ ಶುರು. ವಾದ್ಯಗೋಷ್ಠಿ ಇಲ್ಲ, ಟೇಪಿನ ಸಂಗೀತಕ್ಕೆ ಹಾಡುವುದು. ಈ ಕಡೆ ಚಪ್ಪಲಿ ಅಂಗಡಿ, ಆ ಕಡೆ ಐಸ್‌ಕ್ರೀಮು. ನವೆಂಬರ್ ಹೊತ್ತಿಗೆ ಅವಳ ಹಾಡು ಅಮೆರಿಕದ ಪಟ್ಟಿಯ ತುದಿಗೇರಿತು. ಹನ್ನೊಂದು ವರ್ಷದ ಮೇಲೆ ಬ್ರಿಟ್ನಿ ಸ್ಪಿಯರ್ಸ್‌ಗೂ ಮೊದಲು ಮಾಡಿಸಿದ್ದು ಮಾಲ್ ಯಾತ್ರೆಯನ್ನೇ. ಅದೇ 1987ರಲ್ಲಿ ನಮ್ಮಲ್ಲಿ ‘ಪ್ರೇಮಲೋಕ’ದ ಕ್ಯಾಸೆಟ್ಟು ಮನೆಮನೆಗೆ ನುಗ್ಗಿತ್ತು. ನನ್ನ ಅಕ್ಕ ವಿಜ್ಞಾನದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅದರ ಹಾಡುಗಳನ್ನೆಲ್ಲ ಬರೆದುಕೊಂಡಿದ್ದಳು. ಒಂದೊಂದು ಸಾಲಿಗೂ ಟೇಪ್ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ಕೇಳಿ. ಟೇಪ್ ಸಿಕ್ಕಿಹಾಕಿಕೊಂಡಾಗ ಪೆನ್ಸಿಲ್ ಹಾಕಿ ಸುತ್ತುವ ಕೆಲಸ ನನ್ನದು. ಆ ನೋಟ್‌ಬುಕ್ಕು ಕ್ಲಾಸಿಡೀ ಸುತ್ತಾಡಿ ಬರುತ್ತಿತ್ತು. ಅದು ಹೋದಲ್ಲೆಲ್ಲ ಒಂದೊಂದು ಕ್ಯಾಸೆಟ್ ಖರ್ಚಾಗದೆ ಇರುತ್ತಿರಲಿಲ್ಲ. ಅಕ್ಕನಿಗೆ ಯಾವ ಕಂಪನಿಯೂ ಕಮಿಷನ್ ಕೊಡಲಿಲ್ಲ. ಈಗ ಅದೇ ಅಕ್ಕ ಮಗಳನ್ನು ‘ಅದೇನು ಹುಚ್ಚೇ ನಿಂಗೆ’ ಅಂತ ಗದರುತ್ತಾಳೆ. ನಾನು ನೋಟ್‌ಬುಕ್ಕಿನ ಮಾತು ತೆಗೆದರೆ ಕಾಫಿಗೆ ಸಕ್ಕರೆ ಬೀಳುವುದಿಲ್ಲ, ಆದ್ದರಿಂದ ಸುಮ್ಮನಿರುತ್ತೇನೆ.

ಟೇಲರ್ ಸ್ವಿಫ್ಟ್‌ಳನ್ನು ಬಿಟ್ಟು ಈ ಮಾತು ಮುಂದೆ ಹೋಗುವ ಹಾಗಿಲ್ಲ. 2014ರಲ್ಲಿ ‘1989’ ಆಲ್ಬಮ್ ಬಿಡುಗಡೆಗೆ ಮೊದಲು ಆಕೆ ಅಭಿಮಾನಿಗಳನ್ನು ಒಂದೊಂದು ಸಲಕ್ಕೆ ಎಂಬತ್ತೊಂಬತ್ತು ಜನರಂತೆ ಆರಿಸಿ ತನ್ನ ಮನೆಗಳಿಗೇ ಕರೆಸಿದಳು. ತಾನೇ ಬಿಸ್ಕತ್ತು ಬೇಯಿಸಿ ತಿನ್ನಿಸಿದಳು, ನೆಲದ ಮೇಲೆ ಕೂರಿಸಿ ಹಾಡು ಕೇಳಿಸಿದಳು, ಯಾರಿಗೂ ಹೇಳಬೇಡಿ ಅಂದಳು. ಹದಿನೈದರ ಹುಡುಗಿಗೆ ಯಾರಿಗೂ ಹೇಳಬೇಡ ಅನ್ನುವುದಕ್ಕಿಂತ ಅಗ್ಗದ ಜಾಹೀರಾತು ಉಂಟೇ? ಹಾಡಿನ ಗುಟ್ಟು ಬಿಡಲಿಲ್ಲ, ಹೋಗಿಬಂದ ಫೋಟೋ ಮಾತ್ರ ಜಗತ್ತೆಲ್ಲ ಹರಡಿತು. ಮೊದಲ ವಾರ ಅಮೆರಿಕವೊಂದರಲ್ಲೇ ಮಾರಾಟವಾದದ್ದು ಹನ್ನೆರಡೂವರೆ ಲಕ್ಷಕ್ಕೂ ಹೆಚ್ಚು ಪ್ರತಿ. 2022ರ ‘ಮಿಡ್‌ನೈಟ್ಸ್’ನಲ್ಲಿ ಕೈಚಳಕ ಇನ್ನೂ ಮೇಲೆ. ಒಂದೇ ಹಾಡುಗಳ ರೆಕಾರ್ಡು, ನಾಲ್ಕು ಹೊದಿಕೆ. ನಾಲ್ಕನ್ನೂ ಕೊಂಡು ಬೆನ್ನು ತಿರುಗಿಸಿ ಜೋಡಿಸಿದರೆ ಗಡಿಯಾರದ ಮುಖ. ಮುಳ್ಳು, ಯಂತ್ರ ಎಲ್ಲ ಬೇರೆಯಾಗಿ ಕೊಳ್ಳಬೇಕು. ರೆಕಾರ್ಡು ಹಾಕಲು ಪ್ಲೇಯರ್ ಬೇಡವೇ ಅಂತ ನೀವು ಕೇಳಬಹುದು. ಅಮೆರಿಕದಲ್ಲಿ ರೆಕಾರ್ಡು ಕೊಳ್ಳುವವರಲ್ಲಿ ಪ್ಲೇಯರ್ ಇರುವುದು ಅರ್ಧದಷ್ಟು ಮಂದಿಗೆ ಮಾತ್ರ ಅಂತ ಲೆಕ್ಕವಿಡುವ ಲುಮಿನೇಟ್ ಸಂಸ್ಥೆಯೇ 2023ರಲ್ಲಿ ಹೇಳಿದೆ. ಮಿಕ್ಕವರು ಗಂಟೆ ನೋಡಿಕೊಳ್ಳುತ್ತಾರೆ.

ಇನ್ನು ಅದೇ ಅಕ್ಕನ ಮಗಳು, ನಮ್ಮ ಪುಟ್ಟಿಯ ಸಾಮ್ರಾಜ್ಯಕ್ಕೆ ಬರೋಣ. ಅದರ ರಾಜಧಾನಿ ಸಿಯೋಲ್.

ಕೊರಿಯಾದ ಪಾಪ್ ತಂಡದ ಆಲ್ಬಮ್ ಅಂದರೆ ಸಿ.ಡಿ. ಅಂತ ನಾನು ತಿಳಿದಿದ್ದೆ. ಕೊರಿಯರ್‌ನವನು ತಂದದ್ದು ನೋಡಿದರೆ ನಿಘಂಟಿನ ಗಾತ್ರದ ಪೆಟ್ಟಿಗೆ. ಒಳಗೆ ಫೋಟೋಪುಸ್ತಕ, ಪೋಸ್ಟರು, ಸ್ಟಿಕ್ಕರು, ಅಡಿಯಲ್ಲೆಲ್ಲೋ ಒಂದು ಸಿ.ಡಿ. ಪುಟ್ಟಿ ಅವೆಲ್ಲವನ್ನೂ ಪಕ್ಕಕ್ಕೆ ಸರಿಸಿ, ಉಸಿರು ಬಿಗಿಹಿಡಿದು, ಬೋರಲಾಗಿದ್ದ ಒಂದು ಸಣ್ಣ ಚೀಟಿಯನ್ನು ಮೆಲ್ಲಗೆ ತಿರುಗಿಸಿದಳು. ತಿರುಗಿಸಿ, ‘ಅಯ್ಯೋ, ಮತ್ತೆ ಇವನೇ!’ ಅಂದಳು.

ಅದು ಫೋಟೋಕಾರ್ಡು. ತಂಡದಲ್ಲಿ ಏಳು ಜನರಿದ್ದರೆ ಏಳರಲ್ಲಿ ಯಾರದೋ ಒಬ್ಬರದು. ಯಾರದು ಅಂತ ಪೆಟ್ಟಿಗೆ ಒಡೆಯುವವರೆಗೆ ಬ್ರಹ್ಮನಿಗೂ ಗೊತ್ತಿಲ್ಲ. ಜಾತ್ರೆಯ ಗಿಣಿಶಾಸ್ತ್ರದವನ ಗಿಣಿ ಚೀಟಿ ಎತ್ತಿಕೊಟ್ಟ ಹಾಗೆ. ಗಿಣಿಯಾದರೂ ಹತ್ತು ರೂಪಾಯಿಗೆ ಎತ್ತುತ್ತದೆ, ಇದಕ್ಕೆ ಎರಡು ಸಾವಿರದ ಆಸುಪಾಸು. 2010ರಲ್ಲಿ ‘ಗರ್ಲ್ಸ್ ಜನರೇಷನ್’ ತಂಡದ ‘ಓ!’ ಆಲ್ಬಮ್ಮಿನ ಜೊತೆ ಈ ಪದ್ಧತಿ ಬಂತು. ಆಮೇಲೆ ಕಾರ್ಡಿಗೆ ಆಲ್ಬಮ್ ಫ್ರೀ ಅನ್ನುವ ಸ್ಥಿತಿ.

‘ಹಾಡು ಹೇಗಿದೆಯೇ?’ ಅಂದೆ.

‘ಹಾಡು ಫೋನಲ್ಲೇ ಕೇಳಾಯ್ತಲ್ಲ ಮಾಮ.’

‘ಮತ್ತೆ ಈ ಸಿ.ಡಿ.?’

‘ಸಿ.ಡಿ. ಹಾಕೋಕೆ ನಮ್ಮನೇಲಿ ಏನಿದೆ?’ ಅಂತ ನನ್ನನ್ನೇ ಕೇಳಿದಳು, ತಪ್ಪು ನನ್ನದೇ ಅನ್ನುವ ಹಾಗೆ.

ಒಂದು ಲೆಕ್ಕ ಹಾಕೋಣ ಅಂತ ಪೆನ್ನು ಹಿಡಿದು ಕೂತೆ. ಏಳು ಕಾರ್ಡೂ ಒಂದೇ ಪ್ರಮಾಣದಲ್ಲಿ ಹಂಚಿದ್ದಾರೆ ಅಂತಿಟ್ಟುಕೊಂಡರೂ, ಏಳೂ ಮುಖ ಸೇರಬೇಕಾದರೆ ಸರಾಸರಿ ಹದಿನೆಂಟು ಆಲ್ಬಮ್ ಕೊಳ್ಳಬೇಕು. ‘ಸೆವೆಂಟೀನ್’ ಅಂತ ಇನ್ನೊಂದು ತಂಡವಿದೆ. ಹೆಸರು ಹದಿನೇಳು, ಇರುವವರು ಹದಿಮೂರು. ಅವರೆಲ್ಲರೂ ಬೇಕೆಂದರೆ ನಲವತ್ತೊಂದು ಆಲ್ಬಮ್. ಇದು ಒಂದು ಬಗೆಯ ಹೊದಿಕೆಯ ಮಾತು. ಬಿಟಿಎಸ್ ತಂಡದ ‘ಮ್ಯಾಪ್ ಆಫ್ ದಿ ಸೋಲ್: 7’ ನಾಲ್ಕು ಬಗೆಯಲ್ಲಿ ಬಂದಿತ್ತು. ಲೆಕ್ಕವನ್ನು ಪುಟ್ಟಿಗೆ ತೋರಿಸಿದೆ, ಬೆದರಿಯಾಳು ಅಂತ. ಅವಳು ಒಮ್ಮೆ ನೋಡಿ, ‘ಅದಕ್ಕೇ ಅಲ್ವಾ ನಾವು ಟ್ರೇಡ್ ಮಾಡೋದು’ ಅಂದಳು. ಸಂಭಾವ್ಯತೆಯ ಪಾಠದಲ್ಲಿ ಇವಳಿಗೆ ಮಾರ್ಕ್ಸ್ ಯಾಕೆ ಕಮ್ಮಿ ಬಂತು ಅಂತ ಇನ್ನೂ ನನಗೆ ಅರ್ಥವಾಗಿಲ್ಲ.

ಇದರ ಮೇಲೆ ಫ್ಯಾನ್‌ಸೈನ್ ಅಂತ ಇನ್ನೊಂದಿದೆ. ಎಷ್ಟು ಆಲ್ಬಮ್ ಕೊಂಡರೆ ಅಷ್ಟು ಲಾಟರಿ ಚೀಟಿ; ಗೆದ್ದವರಿಗೆ ಕಲಾವಿದನ ಎದುರು ಒಂದೆರಡು ನಿಮಿಷ ಕೂರುವ ಭಾಗ್ಯ. ಪೆಟ್ಟಿಗೆಗಟ್ಟಲೆ ಕೊಂಡು, ಚೀಟಿ ಇಟ್ಟುಕೊಂಡು, ಉಳಿದದ್ದನ್ನು ಬೀದಿಯಲ್ಲಿ ಬಿಟ್ಟುಹೋಗುತ್ತಾರೆ. 2024ರಲ್ಲಿ ಟೋಕಿಯೋದ ಶಿಬುಯಾದಲ್ಲಿ ಸೆವೆಂಟೀನ್ ಆಲ್ಬಮ್ಮುಗಳ ರಾಶಿ ‘ಬೇಕಾದವರು ಒಯ್ಯಿರಿ’ ಅನ್ನುವ ಬರಹದೊಂದಿಗೆ ಫುಟ್‌ಪಾತಿನಲ್ಲಿ ಬಿದ್ದಿದ್ದ ಫೋಟೋ ಎಲ್ಲೆಡೆ ಓಡಾಡಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಮಿನ್ ಹೀ-ಜಿನ್ ಎಂಬ ನಿರ್ಮಾಪಕಿ ತನ್ನದೇ ಉದ್ಯಮದ ಈ ಕಾರ್ಡಿನಾಟವನ್ನು ಪತ್ರಿಕಾಗೋಷ್ಠಿಯಲ್ಲಿ ಬೈದಳು. ಕೊರಿಯಾದ ಕಂಪನಿಗಳು ಆಲ್ಬಮ್ಮಿಗೆ ಬಳಸಿದ ಪ್ಲಾಸ್ಟಿಕ್ಕು 2017ರಲ್ಲಿ 56 ಟನ್ ಇದ್ದದ್ದು 2022ರಲ್ಲಿ 800 ಟನ್ ದಾಟಿತು ಅಂತ ಅಲ್ಲಿನ ಸರ್ಕಾರದ ಲೆಕ್ಕ. ಮೊದಲು ಗಲಾಟೆ ಎಬ್ಬಿಸಿದವರಲ್ಲಿ ಅಭಿಮಾನಿ ಹುಡುಗಿಯರೇ ಇದ್ದರು. ರಾಶಿ ಆಲ್ಬಮ್ಮುಗಳನ್ನು ಒಟ್ಟುಗೂಡಿಸಿ ಕಂಪನಿಗಳಿಗೇ ವಾಪಸ್ ಕಳಿಸಿದರು. ಬುದ್ಧಿ ಹೇಳುವ ಕೆಲಸವೂ ಬಿಟ್ಟಿಯೇ!

ನಗುತ್ತ ಹೇಳುವಾಗ ನಾಲಗೆ ತಡೆಯುವ ಸಂಗತಿಯೂ ಇದೆ. 2024ರ ಜನವರಿಯಲ್ಲಿ ತಮಿಳುನಾಡಿನ ಕರೂರು ಕಡೆಯ ಹದಿಮೂರು ವರ್ಷದ ಮೂವರು ಹುಡುಗಿಯರು ಹದಿನಾಲ್ಕು ಸಾವಿರ ರೂಪಾಯಿ ಹಿಡಿದುಕೊಂಡು, ವಿಶಾಖಪಟ್ಟಣದಿಂದ ಹಡಗು ಹತ್ತಿ ಬಿಟಿಎಸ್ ನೋಡಲು ಕೊರಿಯಾಕ್ಕೆ ಹೊರಟಿದ್ದರು. ಕಾಟ್ಪಾಡಿ ಸ್ಟೇಷನ್ನಿನಲ್ಲಿ ಪೊಲೀಸರಿಗೆ ಸಿಕ್ಕರು, ಮನೆ ಸೇರಿದರು. ಅದನ್ನು ಓದಿದ ದಿನ ನಾನು ಪುಟ್ಟಿಯನ್ನು ರೇಗಿಸಲಿಲ್ಲ.

ಉಳಿದ ದಿನ ರೇಗಿಸುತ್ತೇನೆ, ಅವಳೂ ಬಿಡುವುದಿಲ್ಲ. ಹೊಸ ಆಲ್ಬಮ್ ಬರುವುದಕ್ಕೆ ಇವರು ಕಮ್‌ಬ್ಯಾಕ್ ಅನ್ನುತ್ತಾರೆ, ಮನುಷ್ಯ ಎಲ್ಲಿಗೂ ಹೋಗಿರದಿದ್ದರೂ. ಕಮ್‌ಬ್ಯಾಕ್ ದಿನ ಎಸ್.ಎಸ್.ಎಲ್.ಸಿ. ಪರೀಕ್ಷೆಗೂ ಕಾಣದ ಶಿಸ್ತು ಮನೆಯಲ್ಲಿ. ಎಷ್ಟು ಗಂಟೆಗೆ ವಿಡಿಯೋ ಬಿಡುತ್ತಾರೆ, ಹೇಗೆ ನೋಡಿದರೆ ಎಣಿಕೆಗೆ ಸೇರುತ್ತದೆ, ನಡುವೆ ಬೇರೆ ಯಾವ ವಿಡಿಯೋ ಹಾಕಿಕೊಳ್ಳಬೇಕು, ಎಲ್ಲಕ್ಕೂ ಹುಡುಗಿಯರೇ ಬರೆದು ಹಂಚಿದ ಸೂಚನಾಪತ್ರ ಇರುತ್ತದೆ. 2020ರ ಆಗಸ್ಟಿನಲ್ಲಿ ಬಿಟಿಎಸ್‌ನ ‘ಡೈನಮೈಟ್’ ಯೂಟ್ಯೂಬಿನಲ್ಲಿ ಒಂದೇ ದಿನಕ್ಕೆ ಹತ್ತು ಕೋಟಿ ದಾಟಿದ್ದು ಸುಮ್ಮನೆಯಲ್ಲ. ಅದಕ್ಕೂ ಮೊದಲು, 2017ರಲ್ಲಿ, ಅಮೆರಿಕದ ಅಭಿಮಾನಿಗಳು ಒಂದೊಂದು ರಾಜ್ಯಕ್ಕೂ ತಂಡ ಕಟ್ಟಿ, ಹಾಡು ಹಾಕಿದ ರೇಡಿಯೋದವರಿಗೆ ಕೈಯಿಂದ ಖರ್ಚು ಮಾಡಿ ಹೂಗುಚ್ಛ ಕಳಿಸಿದ್ದರು. ಆ ಐದು ಡಾಲರಿನ ಇವಾನ್ಸ್ ಇದನ್ನು ನೋಡಿದ್ದರೆ ಅವನಿಗೇ ಮೂರ್ಛೆ ಬರುತ್ತಿತ್ತು.

ಮೊನ್ನೆ ಭಾನುವಾರ ನಮ್ಮ ಭಾವ ಯಾವುದೋ ಬಿಲ್ಲು ಹುಡುಕುತ್ತ ಮನೆಯ ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಹಾಳೆ ತೆರೆದರು. ಭಾವ ಬ್ಯಾಂಕ್ ಮ್ಯಾನೇಜರು. ಹಾಳೆಯ ತಲೆಯಲ್ಲಿ ‘ಜಿಓ 3’ ಅಂತಿತ್ತು. ಗ್ರೂಪ್ ಆರ್ಡರ್ ಅಂತೆ. ಒಂಬತ್ತನೇ ಕ್ಲಾಸಿನ ಎರಡು ಸೆಕ್ಷನ್ನಿನ ಹುಡುಗಿಯರೆಲ್ಲ ಸೇರಿ ಒಟ್ಟಿಗೆ ತರಿಸಿ, ಕೊರಿಯರು, ಕಸ್ಟಮ್ಸು ಹಂಚಿಕೊಳ್ಳುವ ವ್ಯವಸ್ಥೆ. ಯಾರು ಮುಂಗಡ ಕೊಟ್ಟರು, ಯಾರದು ಬಾಕಿ, ಯಾರಿಗೆ ಯಾರ ಕಾರ್ಡು ಬೇಕು, ಯಾರ ಕಾರ್ಡನ್ನು ಯಾರಿಗೆ ಬದಲಾಯಿಸಿದೆ, ತಡಮಾಡಿದವಳಿಗೆ ದಂಡ ಎಷ್ಟು, ಎಲ್ಲ ಬಣ್ಣ ಬಣ್ಣದಲ್ಲಿ. ಬಾಕಿದಾರರಲ್ಲಿ ಪುಟ್ಟಿಯ ಆಪ್ತ ಗೆಳತಿಯೂ ಇದ್ದಳು. ಅವಳ ಹೆಸರಿಗೂ ಕೆಂಪು ಬಣ್ಣವೇ, ಮುಲಾಜಿಲ್ಲ. ಭಾವ ಕನ್ನಡಕ ತೆಗೆದು, ಹಾಕಿ, ಮತ್ತೆ ನೋಡಿದರು. ಒಂದು ರೂಪಾಯಿಯ ಲೆಕ್ಕವೂ ತಪ್ಪಿರಲಿಲ್ಲ.

‘ನಮ್ಮ ಬ್ರಾಂಚಲ್ಲಿ ಆರ್.ಡಿ. ಟಾರ್ಗೆಟ್ಟು ಎರಡು ಕ್ವಾರ್ಟರಿಂದ ಹಾಗೇ ಬಿದ್ದಿದೆ. ಬೇಸಿಗೆ ರಜೆಗೆ ನೀನೇ ಬಂದುಬಿಡಮ್ಮ’ ಅಂದರು, ಅರ್ಧ ತಮಾಷೆ, ಅರ್ಧ ನಿಜ.

ಪುಟ್ಟಿ ಕಾರ್ಡಿಗೆ ಪ್ಲಾಸ್ಟಿಕ್ ಕವರ್ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ.

‘ಸಂಬಳ ಎಷ್ಟಪ್ಪಾ?’